ಮೊದಲು ಅಪಾಯಗಳ ಪಟ್ಟಿ, ಆಮೇಲೆ ಟೆಸ್ಟ್ ಪ್ಲಾನ್

ನಿಮ್ಮ ಟೆಸ್ಟ್ ಪ್ಲಾನನ್ನು, ಅಂದರೆ ಆ್ಯಪ್ ಬಿಡುಗಡೆಗೆ ಮುನ್ನ ಏನನ್ನು ಹೇಗೆ ಪರೀಕ್ಷಿಸಬೇಕೆಂಬ ಯೋಜನೆಯನ್ನು, ತಂಡದವರು ಓದದಿರಲು ಬಹುಶಃ ಕಾರಣ ಇದು: ಅದರಲ್ಲಿ ಪರದೆಗಳ ಪಟ್ಟಿ ಇದೆ, ಎಲ್ಲಿ ಕೆಟ್ಟರೆ ಯಾರಿಗೆ ನಷ್ಟ ಎಂಬುದಿಲ್ಲ. ಮೊದಲು ಅದನ್ನೇ ಬರೆಯಿರಿ. ಕಾಸರಗೋಡಿನ ಸಹಕಾರಿ ಸಂಘವೊಂದರ ಆ್ಯಪ್ ಎಂದಿಟ್ಟುಕೊಳ್ಳಿ. ಹಾಗಾದರೆ ಅಡಿಕೆಯ ತೂಕ, ಪಾವತಿಯ ಮೊತ್ತ, ಸದಸ್ಯರ ವಿವರ ಮೇಲೆ ಬರಲಿ, ಬಣ್ಣ-ವಿನ್ಯಾಸ ಕೊನೆಗೆ.

ಕಾಸರಗೋಡಿನ ಸದಸ್ಯರೆಂದ ಮೇಲೆ ಕನ್ನಡ, ಮಲಯಾಳಂ ಎರಡರಲ್ಲೂ ವಿವರ ತುಂಬಿಸಿ ನೋಡಲೇಬೇಕು. ‘ಮಂಜೇಶ್ವರ’ ಕಣ್ಣಿಗೆ ನಾಲ್ಕೇ ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 24 ಬೈಟ್ (ಬೈಟ್ ಎಂದರೆ ಸಂಗ್ರಹದ ಅಳತೆ). ಡೇಟಾಬೇಸ್ ಬೈಟ್ ಎಣಿಸುವಂತಿದ್ದರೆ 20ರ ಮಿತಿಯಲ್ಲಿ ಊರಿನ ಹೆಸರೇ ತುಂಡಾದೀತು, ಇಲ್ಲವೇ ದಾಖಲೆಯೇ ಸೇರದು. ಎಣಿಕೆ ಅಕ್ಷರದ್ದೋ ಬೈಟಿನದ್ದೋ ಎಂದು ಡೆವಲಪರನ್ನು ಕೇಳಿ, ಉತ್ತರವನ್ನು ಪ್ಲಾನ್‌ನಲ್ಲೇ ಬರೆಯಿರಿ.

ಆಮೇಲೆ ಯಾವ ಮೊಬೈಲ್‌ಗಳು, ಯಾರು ಪರೀಕ್ಷಿಸುವವರು, ಈ ಸಲ ಏನನ್ನು ಪರೀಕ್ಷಿಸುವುದಿಲ್ಲ. ಈ ಕೊನೆಯದನ್ನು ಬಿಡಲೇಬೇಡಿ, ಜಗಳ ಹುಟ್ಟುವುದೇ ಅಲ್ಲಿ. ಪಾವತಿಯಲ್ಲಿ ಗೊತ್ತಿರುವ ದೋಷ ಒಂದಿದ್ದರೂ ಬಿಡುಗಡೆ ಇಲ್ಲ ಎಂಬ ಷರತ್ತು ಸೇರಿಸಿ, ಸಂಘದ ಕಾರ್ಯದರ್ಶಿಯವರ ಒಪ್ಪಿಗೆ ಪಡೆಯಿರಿ.