ಎರಡು ಟೈಪ್-ಸಿ ಪೋರ್ಟ್ ಸಾಕಾ?

ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಲ್ಲಿ ಓಡಾಟ, ಕಾಲೇಜಲ್ಲಿ ಪಾಠ, ಮಡಚಿ ಟ್ಯಾಬ್ಲೆಟ್ ಮಾಡುವ 13 ಇಂಚಿನ ಲ್ಯಾಪ್‌ಟಾಪ್‌ಗೆ ಎರಡೇ ಟೈಪ್-ಸಿ ಪೋರ್ಟ್ ಇದ್ದರೆ ಸಾಕಾ ಅಂತ ಕೇಳಿದ್ದೀರಿ. ಬಸ್ಸಿಗೆ ಆ ಸೈಜೇ ಸರಿ ಬಿಡಿ. ಪೋರ್ಟ್ ಎರಡೇ ಆದರೂ ನಡೆಯುತ್ತದೆ, ಆದರೆ ಅವು ಎಲ್ಲಿವೆ ನೋಡಿ.

ನನ್ನದರಲ್ಲಿ ಎರಡೂ ಎಡಗಡೆ ಅಂಟಿಕೊಂಡಂತೆ ಇವೆ. ಚಾರ್ಜರ್ ಸಿಕ್ಕಿಸಿದರೆ ಪಕ್ಕದಲ್ಲಿ ದಪ್ಪ ಪೆನ್‌ಡ್ರೈವ್ ಹೋಗುವುದೇ ಇಲ್ಲ. ಎರಡೂ ಕಡೆ ಒಂದೊಂದು ಇದ್ದರೆ ಒಳ್ಳೆಯದು.

ನೋಡೋಕೆ ಒಂದೇ ಥರ ಇದ್ದರೂ ಎಲ್ಲ ಟೈಪ್-ಸಿ ಒಂದೇ ಅಲ್ಲ. ಕೆಲವು ಯುಎಸ್‌ಬಿ 2.0, ಅಂದರೆ ಡೇಟಾ ಹೋಗುವ ವೇಗ ಸೆಕೆಂಡಿಗೆ ಬರೀ 480 ಮೆಗಾಬಿಟ್ (ಎಂಬಿಪಿಎಸ್). ಕೆಲವು 5 ಅಥವಾ 10 ಗಿಗಾಬಿಟ್ (ಜಿಬಿಪಿಎಸ್). ನಿಮಗೆ ಪ್ರೊಜೆಕ್ಟರ್ ಬೇಕಲ್ವಾ? ಹಾಗಾದರೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ (ಟೈಪ್-ಸಿ ಪೋರ್ಟಿನಿಂದಲೇ ಪರದೆಗೆ ಚಿತ್ರ ಕಳಿಸುವ ಸೌಲಭ್ಯ) ಅಂತ ಬರೆದಿದೆಯಾ ನೋಡಿ. ಅದಿಲ್ಲದಿದ್ದರೆ ಸಾದಾ ಎಚ್‌ಡಿಎಂಐ ಅಡಾಪ್ಟರ್ ಹಾಕಿ ಖಾಲಿ ಪರದೆ ನೋಡುತ್ತಾ ನಿಲ್ಲಬೇಕು. ನಾನು ನಿಂತಿದ್ದೇನೆ, 60 ಮಕ್ಕಳ ಎದುರು! ಆಲ್ಟ್ ಮೋಡ್ ಇದ್ದರೆ, ಪಿಡಿ (ಪವರ್ ಡೆಲಿವರಿ) ಚಾರ್ಜಿಂಗ್ ಇರುವ ಒಂದು ಚಿಕ್ಕ ಹಬ್, ಅಂದರೆ ಒಂದು ಪೋರ್ಟನ್ನು ಹಲವು ಪೋರ್ಟ್ ಮಾಡುವ ಡಬ್ಬಿ, ತಗೊಳ್ಳಿ. ಚಾರ್ಜು, ಎಚ್‌ಡಿಎಂಐ, ಪೆನ್‌ಡ್ರೈವ್ ಮೂರೂ ಒಂದೇ ಪೋರ್ಟಲ್ಲಿ ಮುಗಿಯುತ್ತದೆ.

ಮಂಗಳೂರಿನ ಹಂಪನಕಟ್ಟೆ ಕಡೆ ಹೋದಾಗ ಅಂಗಡಿಯಲ್ಲೇ ಪರದೆಯನ್ನು 360 ಡಿಗ್ರಿ ತಿರುಗಿಸಿ ನೋಡಿ. ಪೆನ್ನಿನಲ್ಲಿ ಬರೆಯುವಾಗ ಅಲುಗಾಡಿದರೆ ಬೇಡ. ಪವರ್ ಬಟನ್ ಬದಿಯಲ್ಲಿದ್ದರೆ ಟ್ಯಾಬ್ಲೆಟ್ ಥರ ಹಿಡಿದಾಗ ಕೈ ತಾಗುತ್ತದೆ, ಅದನ್ನೂ ಗಮನಿಸಿ. ಮತ್ತೆ ನಮ್ಮೂರ ಮಳೆ ಗೊತ್ತಲ್ಲ, ಬಸ್ಸಿನ ಟರ್ಪಾಲು ಸಂದಿಯಿಂದ ನೀರು ಸಿಡಿಯುತ್ತದೆ. ಜಿಪ್ ಇರುವ ಕವರ್ ಲ್ಯಾಪ್‌ಟಾಪ್ ಜೊತೆಗೇ ತಗೊಂಡುಬಿಡಿ.