ಮುಳ್ಳುತಂತಿಯ ಒಳಗಿಂದ ರಣರಂಗಕ್ಕೆ

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಯುರೋಪಿನಲ್ಲೂ ಪೆಸಿಫಿಕ್ ಸಾಗರದಲ್ಲೂ ನಡೆಸಿದ ಹೋರಾಟದ ಬಗ್ಗೆ ಓದಿದ್ದೇನೆ. ಅದೇ ಹೊತ್ತಿನಲ್ಲಿ ಅದು ಜಪಾನಿ ಮೂಲದ ತನ್ನದೇ ಪ್ರಜೆಗಳನ್ನು ಬಂಧನದಲ್ಲಿಟ್ಟಿತ್ತು ಎಂಬುದು ನಿಜವೇ? ಅದಕ್ಕೆ ಭದ್ರತೆಯ ಕಾರಣವಿತ್ತೇ?

ಉತ್ತರ: ನಿಜ. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಮೇಲೆ ಅಮೆರಿಕ ಯುದ್ಧಕ್ಕಿಳಿಯಿತು. ಕೆಲವೇ ತಿಂಗಳಲ್ಲಿ ದೇಶದೊಳಗಿನ ಬದುಕೂ ಬದಲಾಯಿತು: ಕಾರು ತಯಾರಿಕೆ ನಿಂತು ಆ ಕಾರ್ಖಾನೆಗಳಲ್ಲಿ ಟ್ಯಾಂಕು, ವಿಮಾನಗಳು ತಯಾರಾದವು, ಸಕ್ಕರೆ ಮತ್ತು ಕಾಫಿಗೆ ಪಡಿತರ ಚೀಟಿ ಬಂತು, ಲಕ್ಷಾಂತರ ಮಹಿಳೆಯರು ಕಾರ್ಖಾನೆಗಳಿಗೆ ದುಡಿಯಲು ಹೋದರು. ಈ ಕಷ್ಟಗಳನ್ನು ಜನ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡರು. ನೀವು ಕೇಳಿದ ಕಷ್ಟ ಹಾಗೆ ಹಂಚಿಕೆಯಾದದ್ದಲ್ಲ.

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಆದೇಶದಲ್ಲಿ ಜಪಾನಿಯರ ಹೆಸರೇ ಇರಲಿಲ್ಲ. ಸೇನೆ ಗುರುತಿಸಿದ ಪ್ರದೇಶಗಳಿಂದ ಯಾರನ್ನು ಬೇಕಾದರೂ ಹೊರಗಿಡಬಹುದು ಎಂದಷ್ಟೇ ಅದು ಹೇಳಿತ್ತು. ಆದರೆ ಅದರ ಬಲದಿಂದ ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ಶಿಬಿರಗಳಿಗೆ ಕಳಿಸಿದ ಸುಮಾರು 1,20,000 ಮಂದಿ ಜಪಾನಿ ಮೂಲದವರಾಗಿದ್ದರು, ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೈಯಲ್ಲಿ ಹೊತ್ತೊಯ್ಯಬಹುದಾದಷ್ಟು ಸಾಮಾನಿಗೆ ಮಾತ್ರ ಅವಕಾಶವಿತ್ತು. ಪ್ರತಿ ಕುಟುಂಬಕ್ಕೂ ಒಂದು ಸಂಖ್ಯೆ ಕೊಟ್ಟು, ಅದನ್ನು ಬರೆದ ಚೀಟಿಯನ್ನು ಮಕ್ಕಳ ಕೋಟಿಗೂ ಕಟ್ಟಿದರು. ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ರೇಸ್‌ಕೋರ್ಸಿನಲ್ಲಿ ಕುದುರೆ ಲಾಯಗಳಿಗೆ ಸುಣ್ಣ ಬಳಿದು ಸಂಸಾರಗಳನ್ನು ಇರಿಸಲಾಯಿತು. ಮುಂದೆ ಮಂಜನಾರ್‌ನಂತಹ ಶಿಬಿರಗಳಲ್ಲಿ ಅವರ ಪಾಲಿಗೆ ಬಂದದ್ದು ಮುಳ್ಳುತಂತಿ, ಕಾವಲು ಗೋಪುರ, ಬಂದೂಕು ಹಿಡಿದ ಸಿಪಾಯಿಗಳು.

ಭದ್ರತೆಯ ಕಾರಣವಿತ್ತೇ ಎಂಬುದಕ್ಕೆ ಹವಾಯಿ ದ್ವೀಪಗಳೇ ಉತ್ತರ. ದಾಳಿ ನಡೆದದ್ದು ಅಲ್ಲಿ, ಅಲ್ಲಿನ ಜನಸಂಖ್ಯೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಜಪಾನಿ ಮೂಲದವರು. ಆದರೂ ಅವರನ್ನು ಸಾಮೂಹಿಕವಾಗಿ ಬಂಧಿಸಲಿಲ್ಲ, ಏಕೆಂದರೆ ಅವರಿಲ್ಲದೆ ದ್ವೀಪಗಳ ದುಡಿಮೆಯೇ ನಿಂತುಹೋಗುತ್ತಿತ್ತು. ಯುದ್ಧರಂಗಕ್ಕೆ ಅಷ್ಟು ಹತ್ತಿರದಲ್ಲಿ ಅಪಾಯವಾಗದವರು ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಅಪಾಯಕಾರಿಗಳಾದರು ಎಂಬ ವಾದವನ್ನು ನಾನು ಒಪ್ಪಲಾರೆ. ಕರಾವಳಿಯಲ್ಲಿ ಬಹುಕಾಲದಿಂದ ಬೇರೂರಿದ್ದ ಜನಾಂಗದ್ವೇಷಕ್ಕೆ ಯುದ್ಧ ಒಂದು ನೆಪ ಒದಗಿಸಿತು.

ಇಷ್ಟಾದರೂ ಆ ಶಿಬಿರಗಳಿಂದಲೇ ಯುವಕರು ಸೇನೆಗೆ ಸೇರಿದರು. ಜಪಾನಿ ಮೂಲದ ಅಮೆರಿಕನ್ನರ 442ನೇ ರೆಜಿಮೆಂಟ್ 1944ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಜರ್ಮನ್ನರು ಸುತ್ತುವರಿದಿದ್ದ ಟೆಕ್ಸಾಸಿನ ತುಕಡಿಯೊಂದರ 211 ಸೈನಿಕರನ್ನು ಬಿಡಿಸಿಕೊಂಡು ಬಂತು; ಆ ಕಾರ್ಯದಲ್ಲಿ ಸತ್ತ ಮತ್ತು ಗಾಯಗೊಂಡ ಅದರ ಸೈನಿಕರ ಸಂಖ್ಯೆ ಪಾರಾದವರದಕ್ಕಿಂತ ಬಹಳ ಹೆಚ್ಚು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಆದೇಶ ಮೀರಿ ಊರಲ್ಲೇ ಉಳಿದ ಕೊರೆಮಾಟ್ಸು ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆರು–ಮೂರರ ಬಹುಮತದಿಂದ ಸರ್ಕಾರದ ಪರವಾಗಿ ತೀರ್ಪಿತ್ತಿತು.

1988ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆಯ ಮೂಲಕ ಕ್ಷಮೆ ಕೇಳಿತು, ತಲಾ 20,000 ಡಾಲರ್ ಪರಿಹಾರವನ್ನೂ ನೀಡಿತು. ಆದರೆ ಆ ಕಾಯ್ದೆಗೆ ಸಹಿ ಬಿದ್ದ ದಿನ ಬದುಕಿದ್ದವರಿಗೆ ಮಾತ್ರ ಆ ಹಣ ಸಲ್ಲುತ್ತಿತ್ತು. ಲಾಯಗಳಲ್ಲಿ ಸಂಸಾರ ಹೂಡಿ ಮಕ್ಕಳನ್ನು ಯುದ್ಧಕ್ಕೆ ಕಳಿಸಿದ ತಂದೆತಾಯಂದಿರಲ್ಲಿ ಬಹುಪಾಲು ಜನ ಅಷ್ಟರಲ್ಲಿ ತೀರಿಹೋಗಿದ್ದರು.