ತಲೆನೋವಿಗೆ ಔಷಧ ಕೇಳಿದರೆ ಜಡೆಗೆ ತೀರ್ಪು

ಪ್ರಶ್ನೆ: ನಾನು 29 ವರ್ಷದವಳು, ಹಾವೇರಿ ಕಡೆಯವಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಗ್ರಾಫಿಕ್ ಡಿಸೈನರ್ ಆಗಿದ್ದೇನೆ. ನಾಲ್ಕು ವರ್ಷಗಳಿಂದ ಕೂದಲನ್ನು ಡ್ರೆಡ್‌ಲಾಕ್ಸ್, ಅಂದರೆ ಹಗ್ಗದಂತೆ ಹೊಸೆದ ಜಟೆಯಂಥ ಜಡೆಗಳಾಗಿ ಮಾಡಿಸಿಕೊಂಡಿದ್ದೇನೆ. ತಿಂಗಳಿಗೆ ಎರಡು ಮೂರು ಸಲ ಅರ್ಧ ತಲೆ ಸಿಡಿದು ವಾಂತಿಯಾಗುತ್ತದೆ. ಎರಡು ತಿಂಗಳ ಹಿಂದೆ ಕಚೇರಿಯಲ್ಲಿ ಎಚ್ಚರ ತಪ್ಪಿ ಬಿದ್ದೆ. ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದಾಗ, ನಾನು ಕುರ್ಚಿಯಲ್ಲಿ ಕೂರುವ ಮೊದಲೇ ವೈದ್ಯರು ‘ಗಾಂಜಾ ಎಷ್ಟು ದಿನದಿಂದ?’ ಎಂದರು. ಇಲ್ಲವೆಂದರೂ ನಂಬಲಿಲ್ಲ. ನರ್ಸ್ ಗ್ಲೌಸ್ ಹಾಕಿಕೊಂಡು ಎರಡು ಬೆರಳ ತುದಿಯಲ್ಲಿ ನನ್ನ ಜಡೆ ಎತ್ತಿ ಮುಖ ತಿರುಗಿಸಿದರು. ‘ಮೊದಲು ಇದನ್ನು ತೆಗೆಸಿ, ಆಮೇಲೆ ಬನ್ನಿ’ ಎಂದು ಕಳುಹಿಸಿದರು. ಓಪಿಡಿ ಚೀಟಿಯಲ್ಲಿ ‘ಮಾದಕವಸ್ತು ಸೇವನೆಯ ಶಂಕೆ’ ಎಂದು ಬರೆದಿದ್ದಾರೆ. ಗೆಳತಿಯೊಬ್ಬಳು ಬೇರೆ ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ಎರಡು ಸಲ ಕೊಡಿಸಿದಳು, ಎರಡು ಸಲವೂ ನಾನೇ ರದ್ದು ಮಾಡಿದೆ. ಅವ್ವ ಫೋನಿನಲ್ಲಿ ‘ಆ ಜಡಿ ಕತ್ತರಿಸಿ ಒಗಿ, ತಲಿನೋವು ತಾನ ಹೋಗ್ತದ’ ಎನ್ನುತ್ತಾಳೆ. ಕತ್ತರಿಸಲೇ, ದೂರು ಕೊಡಲೇ, ಸುಮ್ಮನಿರಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದುತ್ತ ನಾನು ತಡೆದು ನಿಂತದ್ದು ‘ಎರಡು ಸಲವೂ ನಾನೇ ರದ್ದು ಮಾಡಿದೆ’ ಎಂಬ ಮಾತಿನ ಬಳಿ. ಆ ಕೋಣೆಯಲ್ಲಿ ನಿಮಗಾದ ಅವಮಾನ ಹತ್ತು ನಿಮಿಷದ್ದು. ಅದಾದ ಮೇಲೆ ಚಿಕಿತ್ಸೆಯಿಲ್ಲದೆ ಕಳೆದ ಎರಡು ತಿಂಗಳ ನಷ್ಟ ಮಾತ್ರ ಪೂರ್ತಿಯಾಗಿ ನಿಮ್ಮದೇ. ಎಚ್ಚರ ತಪ್ಪಿ ಬಿದ್ದವರನ್ನು ಒಮ್ಮೆ ಸರಿಯಾಗಿ ಪರೀಕ್ಷಿಸಲೇಬೇಕಾದ್ದರಿಂದ, ಜಡೆಯ ವಿಚಾರ ಬಗೆಹರಿಯಲಿ ಎಂದು ತಲೆನೋವನ್ನು ಕಾಯಿಸಬೇಡಿ. ಈ ನಡುವೆ ಹಿಂದೆಂದೂ ಕಾಣದಷ್ಟು ತೀವ್ರವಾದ ನೋವು ಒಮ್ಮೆಲೇ ಬಂದರೆ, ಮಾತು ತೊದಲಿದರೆ, ಕೈಕಾಲಿನ ಬಲ ಕುಂದಿದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ಅಥವಾ ಮತ್ತೆ ಎಚ್ಚರ ತಪ್ಪಿದರೆ, ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.

ಇನ್ನು ಆ ವೈದ್ಯರ ವಿಷಯ. ನಿಮಗೆ ರುಚಿಸದ ಮಾತನ್ನು ಮೊದಲು ಹೇಳಿಬಿಡುತ್ತೇನೆ: ಗಾಂಜಾದ ಬಗ್ಗೆ ಕೇಳಿದ್ದು ತಪ್ಪಲ್ಲ. ಎಚ್ಚರ ತಪ್ಪಿದ ರೋಗಿಯನ್ನು ಮದ್ಯ, ತಂಬಾಕು, ಗಾಂಜಾ, ನುಂಗುತ್ತಿರುವ ಮಾತ್ರೆ, ಮುಟ್ಟಿನ ಲೆಕ್ಕ, ಊಟ, ನಿದ್ದೆ ಇವೆಲ್ಲವನ್ನೂ ಕೇಳುವುದು ವೈದ್ಯರ ಕರ್ತವ್ಯ. ಸೀರೆಯುಟ್ಟು ಮಲ್ಲಿಗೆ ಮುಡಿದು ಬಂದವರನ್ನೂ ಹೀಗೆಯೇ ಕೇಳಬೇಕು. ಆದರೆ ‘ಸೇದುತ್ತೀರಾ?’ ಎಂದು ಬರಬೇಕಾದ ಪ್ರಶ್ನೆ ನಿಮ್ಮ ಬಳಿಗೆ ‘ಎಷ್ಟು ದಿನದಿಂದ?’ ಎಂದು ಬಂದಿತು. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಕೇಳಿದ ಪ್ರಶ್ನೆ ಅದು, ಹಾಗಾಗಿಯೇ ನಿಮ್ಮ ‘ಇಲ್ಲ’ ಅವರ ಕಿವಿಗೆ ಬೀಳಲಿಲ್ಲ.

ಕೂದಲಿಗೂ ತಲೆನೋವಿಗೂ ಸಂಬಂಧವೇ ಇಲ್ಲ ಎಂದು ನಾನು ಹೇಳಲಾರೆ. ತಲೆನೋವುಗಳ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ, ನೆತ್ತಿಯ ಚರ್ಮ ಹೊರಗಿನಿಂದ ಜಗ್ಗಿದಾಗ ಬರುವ ನೋವಿಗೆ ಪ್ರತ್ಯೇಕ ಸ್ಥಾನವಿದೆ. ಬಿಗಿಯಾಗಿ ಜುಟ್ಟು ಕಟ್ಟುವವರಿಗೆ ಬರುವ ನೋವು ಇದೇ. ಅದರ ಗುರುತನ್ನೂ ಆ ವರ್ಗೀಕರಣವೇ ಹೇಳುತ್ತದೆ: ಜಗ್ಗುವುದು ನಿಂತ ಒಂದು ಗಂಟೆಯೊಳಗೆ ನೋವು ಇಳಿಯಬೇಕು. ಅರ್ಧ ತಲೆ ಹಿಡಿದು, ವಾಂತಿ ತರಿಸಿ, ತಿಂಗಳಿಗೆ ಎರಡು ಮೂರು ಸಲ ಬಂದು ಹೋಗುವ ನೋವಿನ ಸ್ವಭಾವ ಬೇರೆ. ಅದು ಮೈಗ್ರೇನ್ ಇದ್ದೀತು, ಆದರೆ ಅದನ್ನು ನಿರ್ಧರಿಸಬೇಕಾದವರು ನಿಮ್ಮನ್ನು ಪರೀಕ್ಷಿಸುವ ವೈದ್ಯರೇ ಹೊರತು ಅಂಕಣ ಬರೆಯುವ ನಾನಲ್ಲ. ‘ಕಟ್ಟಿದ ಜಡೆ ಬಿಚ್ಚಿದಾಗ ನೋವು ಇಳಿಯುತ್ತದೆಯೇ?’ ಎಂದು ಒಂದು ಮಾತು ಕೇಳಿದ್ದರೆ ಅವರ ಅನುಮಾನ ಅಲ್ಲಿಯೇ ತೀರುತ್ತಿತ್ತು ಅಥವಾ ಗಟ್ಟಿಯಾಗುತ್ತಿತ್ತು. ಅದನ್ನು ಕೇಳದೆ ಕತ್ತರಿಯನ್ನೇ ಔಷಧವಾಗಿ ಬರೆದುಕೊಟ್ಟಿದ್ದಾರೆ. ಈಗ ಆ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ. ಕಚೇರಿಗೆ ಹೋಗುವಾಗ ಜಡೆಯನ್ನೆಲ್ಲ ಸೇರಿಸಿ ನೆತ್ತಿಯ ಮೇಲೆ ಗಂಟು ಹಾಕುವ ಅಭ್ಯಾಸವಿದ್ದರೆ ಕೆಲವು ವಾರ ಸಡಿಲವಾಗಿ ಇಳಿಬಿಡಿ, ಮತ್ತು ನೋವು ಬಂದ ದಿನ, ಗಂಟೆ, ಯಾವ ಬದಿ, ವಾಂತಿ, ಬೆಳಕು ಸಹಿಸಲಾಗದಿರುವುದು, ಮುಟ್ಟಿನ ದಿನ, ನುಂಗಿದ ಮಾತ್ರೆ ಇಷ್ಟನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ.

ನರ್ಸ್ ಗ್ಲೌಸ್ ಹಾಕಿದ್ದಕ್ಕೆ ನೊಂದುಕೊಳ್ಳಬೇಡಿ, ಅದು ಆಸ್ಪತ್ರೆಯ ಪದ್ಧತಿ. ಬೆರಳ ತುದಿಯಲ್ಲಿ ಎತ್ತಿ ಮುಖ ತಿರುಗಿಸಿದ್ದು ಯಾವ ಪದ್ಧತಿಯೂ ಅಲ್ಲ. ಆದರೆ ಈ ಅಸಹ್ಯ ಮತ್ತು ನಿಮ್ಮ ಅವ್ವನ ಆತಂಕ ಎರಡೂ ಎಲ್ಲಿಂದ ಬರುತ್ತವೆ ಎಂಬುದನ್ನು ನಿಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಹೆಣ್ಣುಮಗಳ ತಲೆಯಲ್ಲಿ ಜಟೆ ಕಟ್ಟಿದರೆ ದೇವಿ ಬಂದಳೆಂದು ಭಂಡಾರ ಹಚ್ಚುತ್ತಿದ್ದರು, ಕತ್ತರಿ ತಾಗಿಸಲು ಹೆದರುತ್ತಿದ್ದರು. ಅದೇ ಹೆದರಿಕೆಯಲ್ಲಿ ಎಷ್ಟೋ ಮಕ್ಕಳಿಗೆ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿ ಬಿಟ್ಟದ್ದೂ ಉಂಟು, ಆ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ನಿಮ್ಮ ಅವ್ವ ಹೇಳಿದ ತಲೆನೋವಿನ ಹಿಂದೆ ಬಾಯಿಬಿಟ್ಟು ಹೇಳದ ಈ ಭಯವೂ ಇದ್ದೀತು. ಒಮ್ಮೆ ಊರಿಗೆ ಹೋದಾಗ ಅವರನ್ನೇ ಕರೆದು, ತಲೆ ತೊಳೆಯುವುದನ್ನೂ ಎಳೆ ಎಳೆಯಾಗಿ ಬಿಸಿಲಿಗೆ ಒಣಗಿಸುವುದನ್ನೂ ತೋರಿಸಿ. ಇದು ತಾನಾಗಿ ಬಿದ್ದ ಜಟೆಯಲ್ಲ, ಮಗಳು ಕೈಯಾರೆ ನೋಡಿಕೊಳ್ಳುತ್ತಿರುವ ಕೂದಲು ಎಂಬುದು ಫೋನಿನಲ್ಲಿ ತಿಳಿಯುವ ಸಂಗತಿಯಲ್ಲ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರ ಬೋಳುತಲೆಗೆ ಯಾವ ವೈದ್ಯರೂ ಕಾರಣ ಕೇಳುವುದಿಲ್ಲ, ಅದು ಕಣ್ಣಿಗೆ ರೂಢಿಯಾಗಿದೆ. ನಿಮ್ಮದು ಇನ್ನೂ ಆಗಿಲ್ಲ, ಅಷ್ಟೇ.

ಕತ್ತರಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ನಿಮಗೇ ಬೇಸರ ಬಂದರೆ, ನೆತ್ತಿಯಲ್ಲಿ ಗಾಯವೋ ಸೋಂಕೋ ಇದೆಯೆಂದು ಚರ್ಮರೋಗ ತಜ್ಞರು ನೋಡಿ ಹೇಳಿದರೆ, ಅಥವಾ ಜಡೆ ಜಗ್ಗುವುದರಿಂದಲೇ ನೋವು ಬರುತ್ತಿದೆ ಎಂದು ನಿಮ್ಮ ಪುಸ್ತಕದ ಲೆಕ್ಕ ತೋರಿಸಿದರೆ ಕತ್ತರಿಸಿ. ವೈದ್ಯರ ಬಾಗಿಲು ದಾಟಲು ತೆರುವ ಸುಂಕವಾಗಿ ಮಾತ್ರ ಕತ್ತರಿಸಬೇಡಿ. ಹಾಗೆ ಕತ್ತರಿಸಿದ ಮೇಲೂ ನೋವು ಉಳಿದರೆ ಜಡೆಯ ಜೊತೆಗೆ ವೈದ್ಯರ ಮೇಲಿನ ನಂಬಿಕೆಯೂ ಹೋಗುತ್ತದೆ.

ಕೆಲವು ಪರೀಕ್ಷೆಗಳಲ್ಲಿ ಕೂದಲು ನಿಜವಾಗಿಯೂ ಅಡ್ಡ ಬರುತ್ತದೆ, ಅದನ್ನು ಮೊದಲೇ ತಿಳಿದಿದ್ದರೆ ಅಲ್ಲಿ ಆಡುವ ಮಾತನ್ನು ನಿಂದನೆಯೆಂದು ತಪ್ಪು ತಿಳಿಯುವುದಿಲ್ಲ. ಎಚ್ಚರ ತಪ್ಪಿದ್ದರಿಂದ ನಿಮಗೆ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ ಮಾಡಿಸಲು ಹೇಳಬಹುದು. ಅದರಲ್ಲಿ ಸುಮಾರು 20 ಪುಟ್ಟ ಎಲೆಕ್ಟ್ರೋಡ್‌ಗಳನ್ನು ಅಳತೆ ಹಾಕಿ ನೆತ್ತಿಯ ನಿಗದಿತ ಜಾಗಗಳಿಗೆ ಅಂಟಿಸುತ್ತಾರೆ, ಅವು ಚರ್ಮಕ್ಕೆ ತಾಗಲೇಬೇಕು. ಹಿಂದಿನ ದಿನ ತಲೆ ತೊಳೆದು ಪೂರ್ತಿ ಒಣಗಿಸಿ, ಎಣ್ಣೆ, ಮೇಣ ಏನೂ ಹಚ್ಚದೆ, ಜಡೆ ಬಿಚ್ಚಿಕೊಂಡು ಹೋದರೆ ಎಳೆಗಳ ನಡುವಿನ ಬೈತಲೆಯಲ್ಲಿ ಅಂಟಿಸಲು ಸಾಧ್ಯವಾಗುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅರ್ನೆಲ್ ಎಟಿಯೆನ್ ಎಂಬ ವಿದ್ಯಾರ್ಥಿನಿ ಕಪ್ಪು ಜನರ ಗುಂಗುರು ಕೂದಲಿಗೆ ಹೊಂದುವಂತೆ, ಹೆಣೆದ ಜಡೆಯ ಸಾಲುಗಳ ನಡುವೆ ಕ್ಲಿಪ್ಪಿನಂತೆ ಕೂರುವ ಎಲೆಕ್ಟ್ರೋಡನ್ನು ರೂಪಿಸಿದ್ದಾರೆ. ಕೂದಲು ಬದಲಾಗಬೇಕೋ ಉಪಕರಣ ಬದಲಾಗಬೇಕೋ ಎಂದು ಯಾರೋ ಒಬ್ಬರು ಕೇಳಿಕೊಂಡದ್ದರ ಫಲ ಅದು. ಎಂಆರ್‌ಐ ಮಾಡಿಸುವುದಾದರೆ ಜಡೆಗೆ ಸಿಕ್ಕಿಸಿದ ಲೋಹದ ಮಣಿ, ಉಂಗುರ, ಜರಿ ದಾರ ಯಾವುದೂ ಇರಕೂಡದು, ಮತ್ತು ತಲೆಯನ್ನು ಕಾಯಿಲ್ ಎಂಬ ಗೂಡಿನೊಳಗೆ ಇರಿಸುವುದರಿಂದ ಹಿಂದೆ ಗಂಟು ಕಟ್ಟಬಾರದು. ಸಿಬ್ಬಂದಿ ಇದನ್ನೆಲ್ಲ ಕೇಳಿದರೆ ಕೆಲಸದ ಮಾತೆಂದೇ ತಿಳಿಯಿರಿ.

ಓಪಿಡಿ ಚೀಟಿಯ ಆ ಸಾಲನ್ನು ಹಾಗೆಯೇ ಬಿಡಬೇಡಿ. ಆರೋಗ್ಯ ವಿಮೆಯ ಪಾಲಿಸಿಗಳು ಮಾದಕ ವ್ಯಸನದ ಚಿಕಿತ್ಸೆಯ ವೆಚ್ಚವನ್ನು ಸಾಮಾನ್ಯವಾಗಿ ಹೊರಗಿಡುವುದರಿಂದ, ಮುಂದೆ ಯಾರಾದರೂ ಅದನ್ನು ತೋರಿಸಿ ತಕರಾರು ತೆಗೆಯಬಹುದು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಂತೆ, ರೋಗಿ ಕೇಳಿದ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು. ಆಸ್ಪತ್ರೆಯ ಆಡಳಿತಾಧಿಕಾರಿಗೆ ಪತ್ರ ಬರೆದು ದಾಖಲೆಯ ಪ್ರತಿ ಕೇಳಿ. ‘ಸೇವನೆಯನ್ನು ರೋಗಿ ನಿರಾಕರಿಸಿದ್ದಾರೆ, ಯಾವ ಪರೀಕ್ಷೆಯನ್ನೂ ಮಾಡಿಲ್ಲ’ ಎಂಬ ಸಾಲು ಸೇರಿಸುವಂತೆಯೂ ಅದರಲ್ಲೇ ಕೋರಿ. ಬರೆದದ್ದನ್ನು ಅಳಿಸಿ ಎಂದು ಕೇಳುವುದಕ್ಕಿಂತ ನಿಮ್ಮ ಮಾತನ್ನೂ ಸೇರಿಸಿ ಎಂದು ಕೇಳುವುದು ಸುಲಭವಾಗಿ ನಡೆಯುತ್ತದೆ.

ದೂರಿನ ವಿಷಯದಲ್ಲಿ ನಾನು ಸ್ವಲ್ಪ ಜಿಪುಣಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ತಾರತಮ್ಯವಿಲ್ಲದ ಚಿಕಿತ್ಸೆಯ ಹಕ್ಕಿದೆ, ಎರಡನೇ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕಿದೆ. ಕೇಶವಿನ್ಯಾಸದ ಮಾತು ಮಾತ್ರ ಅದರಲ್ಲಿಲ್ಲ, ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ, ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿದೆ. ಆದರೆ ಮುಖ ತಿರುಗಿಸಿದ್ದನ್ನು ಅಲ್ಲಿ ರುಜುವಾತುಪಡಿಸುವುದು ಕಷ್ಟ. ಪರೀಕ್ಷೆ ಮಾಡದೆ ಶಂಕೆ ಬರೆದದ್ದಕ್ಕೂ ಚಿಕಿತ್ಸೆ ಕೊಡದೆ ಹಿಂದಿರುಗಿಸಿದ್ದಕ್ಕೂ ಚೀಟಿಯೇ ಸಾಕ್ಷಿಯಾಗುತ್ತದೆ, ಆದ್ದರಿಂದ ದೂರಿನಲ್ಲಿ ಅವೆರಡನ್ನೇ ಬರೆಯಿರಿ. ಆಸ್ಪತ್ರೆಯಿಂದ ಉತ್ತರ ಬಾರದಿದ್ದರೆ ಮಾತ್ರ ಮುಂದಿನ ಮೆಟ್ಟಿಲು ಹತ್ತಿ.

ಮೂರನೆಯ ಅಪಾಯಿಂಟ್‌ಮೆಂಟನ್ನು ಗೆಳತಿಯಿಂದಲೇ ಪಡೆಯಿರಿ, ಆ ದಿನ ಅವಳನ್ನೂ ಜೊತೆಗೆ ಕರೆದೊಯ್ಯಿರಿ. ನೀವು ಬಿದ್ದದ್ದನ್ನು ಕಣ್ಣಾರೆ ಕಂಡ ಸಹೋದ್ಯೋಗಿ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಎಷ್ಟು ಹೊತ್ತು ಎಚ್ಚರವಿರಲಿಲ್ಲ, ಕೈಕಾಲು ಸೆಟೆದವೇ ಎಂಬುದನ್ನು ನರರೋಗ ತಜ್ಞರು ಕೇಳಿಯೇ ಕೇಳುತ್ತಾರೆ, ಅದು ನಿಮಗೆ ಗೊತ್ತಿರಲಾರದು. ಒಳಗೆ ಹೋದ ಕೂಡಲೇ ಪುಸ್ತಕವನ್ನು ಮೇಜಿನ ಮೇಲಿಟ್ಟು, ‘ಡಾಕ್ಟರೇ, ಗಾಂಜಾ ಸೇದುವುದಿಲ್ಲ, ಜಡೆ ಸಡಿಲ ಬಿಟ್ಟು ನೋಡಿದ್ದೇನೆ, ಅದರ ಲೆಕ್ಕ ಇಲ್ಲಿದೆ’ ಎಂದು ನೀವೇ ಮೊದಲು ಹೇಳಿಬಿಡಿ. ಬೆಳಗಿನ ಮೊದಲ ಸರದಿ ಸಿಗುವುದಾದರೆ ಅದನ್ನೇ ಕೇಳಿ. ಅದೇ ದಿನ ಇಇಜಿ ಬರೆದುಕೊಟ್ಟರೆ ಎಳೆಗಳನ್ನು ಬಿಡಿಸಿ ಅಂಟಿಸಲು ತಂತ್ರಜ್ಞರಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ.